ಡಿಲೀಟ್ ಆಯ್ತಾ? ಮೊದಲು ಖಾಲಿ ಜಾಗ ಎಷ್ಟಿದೆ ನೋಡಿ

ಮನೆಯ ನ್ಯಾಸ್‌ನಿಂದ (ಮನೆಯವರೆಲ್ಲ ನೆಟ್‌ವರ್ಕ್ ಮೂಲಕ ಫೈಲ್ ಇಡುವ ಡಿಸ್ಕ್ ಪೆಟ್ಟಿಗೆ) ಫೋಟೊ ಫೋಲ್ಡರ್ ಹೋಯ್ತು ಅಂತ ಫೋನ್ ಮಾಡುವವರಿಗೆ ನಾನು ಮೊದಲು ಕೇಳುವುದು ಇಷ್ಟೇ: ಡಿಲೀಟ್ ಆದ ಮೇಲೆ ಖಾಲಿ ಜಾಗ ಜಾಸ್ತಿ ಆಗಿದೆಯಾ? ತುಂಬ ಜನ ಅದನ್ನು ನೋಡಿಯೇ ಇರುವುದಿಲ್ಲ. 200 ಜಿಬಿ ಫೋಲ್ಡರ್ ಕಾಣುತ್ತಿಲ್ಲ, ಆದರೆ ಖಾಲಿ ಜಾಗ ಮೊದಲಿನಷ್ಟೇ ಇದೆ ಅಂದರೆ ಅದು ಪೆಟ್ಟಿಗೆಯೊಳಗೇ ಎಲ್ಲೋ ಕೂತಿದೆ.

ಎಷ್ಟೋ ಸಲ ಪಕ್ಕದ ಫೋಲ್ಡರಿನಲ್ಲೇ ಕೂತಿರುತ್ತದೆ. ಮೌಸ್ ಎಳೆಯುವಾಗ ಕೈ ಜಾರಿ ‘ಮದುವೆ’ ಹೋಗಿ ‘ಕರೆಂಟ್ ಬಿಲ್’ ಒಳಗೆ ಬಿದ್ದಿರುತ್ತದೆ. ಯಾರೂ ಏನೂ ಅಳಿಸಿರುವುದಿಲ್ಲ, ಮನೆಯಲ್ಲಿ ಜಗಳ ಮಾತ್ರ ಆಗಿರುತ್ತದೆ. ಒಂದು ಫೈಲಿನ ಹೆಸರು ನೆನಪಿದ್ದರೂ ಸಾಕು, ಇಡೀ ನ್ಯಾಸ್‌ನಲ್ಲಿ ಸರ್ಚ್ ಕೊಡಿ.

ಸಿಗಲಿಲ್ಲವಾ? ಕಸದ ಬುಟ್ಟಿ ನೋಡಿ. ಕಂಪ್ಯೂಟರಿನದಲ್ಲ, ನ್ಯಾಸ್‌ನದು. ನೆಟ್‌ವರ್ಕ್ ಫೋಲ್ಡರಿನಿಂದ ಅಳಿಸಿದ ಫೈಲ್ ಸಾಮಾನ್ಯವಾಗಿ ವಿಂಡೋಸ್‌ನ ರೀಸೈಕಲ್ ಬಿನ್‌ಗೆ ಬರುವುದಿಲ್ಲ. ಸಿನಾಲಜಿ ಕಂಪನಿಯ ನ್ಯಾಸ್‌ಗಳಲ್ಲಿ ಪ್ರತಿ ಶೇರ್ಡ್ ಫೋಲ್ಡರಿನ ಒಳಗೂ ‘#ರೀಸೈಕಲ್’ ಅಂತ ಒಂದು ಫೋಲ್ಡರ್ ಇರುತ್ತದೆ, ಕ್ಯೂನ್ಯಾಪ್‌ನಲ್ಲಿ ‘@ರೀಸೈಕಲ್’. ಈ ಸೌಲಭ್ಯ ಮೊದಲೇ ಆನ್ ಆಗಿರಬೇಕು. ಇನ್ನೊಂದು ತೊಡಕಿದೆ. ಅಡ್ಮಿನ್‌ಗೆ ಮಾತ್ರ ಬುಟ್ಟಿ ತೆರೆಯುವಂತೆ ಸೆಟ್ ಮಾಡಬಹುದು. ಆಗ ಅಮ್ಮನ ಲಾಗಿನ್‌ನಲ್ಲಿ ಏನೂ ಸಿಗುವುದಿಲ್ಲ, ಸೆಟಪ್ ಮಾಡಿದ ಮಗನ ಲಾಗಿನ್‌ನಲ್ಲಿ ಎಲ್ಲಾ ಸಿಗುತ್ತದೆ. ಬುಟ್ಟಿಯನ್ನು ಆಗಾಗ ತಾನಾಗಿಯೇ ಖಾಲಿ ಮಾಡುವ ಶೆಡ್ಯೂಲ್ ಹಾಕಿದ್ದರೆ ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಹುಡುಕಿ. ಎಸ್‌ಎಸ್‌ಎಚ್‌ನಲ್ಲಿ (ನ್ಯಾಸ್‌ಗೆ ದೂರದಿಂದಲೇ ಟೈಪ್ ಮಾಡಿ ಆದೇಶ ಕೊಡುವ ದಾರಿ) ಕಮಾಂಡ್ ಕೊಟ್ಟು ಅಳಿಸಿದ್ದು ಮಾತ್ರ ಈ ಬುಟ್ಟಿಗೆ ಬೀಳುವುದಿಲ್ಲ.

ಇನ್ನೊಂದು ಜಾಗ ಸ್ನ್ಯಾಪ್‌ಶಾಟ್, ಅಂದರೆ ಒಂದು ದಿನ ಫೋಲ್ಡರ್ ಹೇಗಿತ್ತೋ ಹಾಗೇ ನ್ಯಾಸ್ ಹಿಡಿದಿಟ್ಟ ಚಿತ್ರಣ. ಬಿಟಿಆರ್‌ಎಫ್‌ಎಸ್ ಅಥವಾ ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಇರುವ ಪೆಟ್ಟಿಗೆಗಳಲ್ಲಿ ಸ್ನ್ಯಾಪ್‌ಶಾಟ್ ಹಾಕಿದ್ದರೆ ನಿಮ್ಮ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಒಂದೇ ಮಾತು: ಇಡೀ ಶೇರ್ಡ್ ಫೋಲ್ಡರನ್ನು ಹಳೆಯ ದಿನಕ್ಕೆ ವಾಪಸ್ ತಿರುಗಿಸಬೇಡಿ. ಆಮೇಲೆ ಸೇರಿಸಿದ ಫೈಲುಗಳೂ ಹೋಗುತ್ತವೆ. ಸ್ನ್ಯಾಪ್‌ಶಾಟ್ ತೆರೆದು ಬೇಕಾದ್ದನ್ನಷ್ಟೇ ಕಾಪಿ ಮಾಡಿಕೊಳ್ಳಿ.

ಈಗ ಕಷ್ಟದ ಕೇಸ್. ಬುಟ್ಟಿ ಇಲ್ಲ, ಸ್ನ್ಯಾಪ್‌ಶಾಟ್ ಇಲ್ಲ, ಖಾಲಿ ಜಾಗ ನಿಜವಾಗಿಯೂ ಜಾಸ್ತಿಯಾಗಿದೆ. ಆಗ ನಿಮ್ಮ ಶತ್ರು ಆ ಪೆಟ್ಟಿಗೆಯೇ. ನೀವು ಸುಮ್ನೆ ಕೂತಿದ್ದರೂ ಅದು ಕೂತಿರುವುದಿಲ್ಲ. ಫೋನಿನ ಫೋಟೊಗಳು ತಾವಾಗಿಯೇ ಅಪ್‌ಲೋಡ್ ಆಗುತ್ತವೆ, ಗೇಟಿನ ಕ್ಯಾಮೆರಾ ರೆಕಾರ್ಡ್ ಮಾಡುತ್ತಲೇ ಇರುತ್ತದೆ, ಥಂಬ್‌ನೇಲ್ ತಯಾರಾಗುತ್ತಿರುತ್ತವೆ, ಟೊರೆಂಟ್ ಇಳಿಯುತ್ತಿರುತ್ತದೆ. ಇದೆಲ್ಲ ಅಳಿಸಿದ ಫೈಲಿನ ಜಾಗದ ಮೇಲೇ ಬರೆಯಬಹುದು. ಹಾಗಾಗಿ ತಡ ಮಾಡದೆ ಪೆಟ್ಟಿಗೆಯನ್ನು ಸರಿಯಾದ ಕ್ರಮದಲ್ಲೇ ಶಟ್‌ಡೌನ್ ಮಾಡಿ. ಪ್ಲಗ್ ಕೀಳಬೇಡಿ. ಒಳಗಿರುವುದು ಎಸ್‌ಎಸ್‌ಡಿ ಆಗಿದ್ದು ಟ್ರಿಮ್ (ಅಳಿಸಿದ ಫೈಲಿನ ಜಾಗವನ್ನು ಖಾಲಿ ಮಾಡಿಸಿಬಿಡುವ ಸೌಲಭ್ಯ) ಆನ್ ಇದ್ದರೆ ಆಸೆ ಇಟ್ಟುಕೊಳ್ಳಬೇಡಿ ಅಂತ ನೇರವಾಗಿ ಹೇಳಿಬಿಡುತ್ತೇನೆ.

‘ರೇಡ್ ಹಾಕಿದ್ದೀವಲ್ಲ ಸಾರ್, ಎರಡು ಡಿಸ್ಕ್ ಇದೆ’ ಅನ್ನುತ್ತಾರೆ. ರೇಡ್ ಅಂದರೆ ಹಲವು ಡಿಸ್ಕುಗಳನ್ನು ಜೋಡಿಸಿ ಒಂದಾಗಿ ಬಳಸುವ ವ್ಯವಸ್ಥೆ. ರೇಡ್ 1ರಲ್ಲಿ ನೀವು ಬರೆದದ್ದು ಎರಡೂ ಕಡೆ ಬರೆಯುತ್ತದೆ, ಅಳಿಸಿದ್ದೂ ಅದೇ ಕ್ಷಣದಲ್ಲಿ ಎರಡೂ ಕಡೆ ಅಳಿಯುತ್ತದೆ. ಅದು ಇರುವುದು ಡಿಸ್ಕ್ ಕೆಟ್ಟರೆ ಅಂತ, ಬೆರಳು ತಪ್ಪಿದರೆ ಅಂತ ಅಲ್ಲ. ಆದರೂ ರೇಡ್ 1ರವರಿಗೆ ಒಂದು ಅನುಕೂಲ ಇದೆ. ಒಂದು ಡಿಸ್ಕಿನಲ್ಲೇ ಪೂರ್ತಿ ಡೇಟಾ ಇರುತ್ತದೆ, ಅದೊಂದರ ಕಾಪಿ ಸಾಕು. ರೇಡ್ 5ರಲ್ಲಿ ಪ್ರತಿ ಫೈಲೂ ಚೂರುಚೂರಾಗಿ ಎಲ್ಲ ಡಿಸ್ಕಿಗೂ ಹಂಚಿಹೋಗಿರುತ್ತದೆ. ಮೊದಲು ಎಲ್ಲವನ್ನೂ ಕಾಪಿ ಮಾಡಿ, ಮತ್ತೆ ಜೋಡಿಸಿ, ಆಮೇಲೆ ಹುಡುಕಬೇಕು. ಡಿಸ್ಕ್ ತೆಗೆಯುವ ಮುಂಚೆ ಯಾವುದು ಎಷ್ಟನೇ ಸ್ಲಾಟಿನದು ಅಂತ ಮಾರ್ಕರಿನಲ್ಲಿ ಬರೆದಿಡಿ.

ತೆಗೆದ ಡಿಸ್ಕನ್ನು ವಿಂಡೋಸ್‌ಗೆ ಸಿಕ್ಕಿಸಿದರೆ ಅದಕ್ಕೆ ಏನೂ ಅರ್ಥ ಆಗುವುದಿಲ್ಲ. ಮನೆಯ ನ್ಯಾಸ್‌ಗಳಲ್ಲಿ ಹೆಚ್ಚಿನವು ಒಳಗೆ ಲಿನಕ್ಸ್, ಅಂದರೆ ವಿಂಡೋಸ್ ಅಲ್ಲದ ಬೇರೆ ಆಪರೇಟಿಂಗ್ ಸಿಸ್ಟಮ್. ‘ಫಾರ್ಮ್ಯಾಟ್ ಮಾಡಲಾ?’ ಅಂತಲೋ ‘ಇನಿಶಿಯಲೈಸ್ ಮಾಡಲಾ?’ ಅಂತಲೋ ವಿಂಡೋಸ್ ಬಹಳ ವಿನಯದಿಂದ ಕೇಳುತ್ತದೆ. ಬೇಡ ಅನ್ನಿ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅನ್ನುವ ಸಾಫ್ಟ್‌ವೇರ್ ಬಳಸಿ ಇನ್ನೊಂದು ಡಿಸ್ಕಿಗೆ ಪೂರ್ತಿ ಇಮೇಜ್ (ಡಿಸ್ಕಿನ ಯಥಾಪ್ರತಿ) ತೆಗೆಯಿರಿ. ಮುಂದಿನ ಕೆಲಸವೆಲ್ಲ ಆ ಇಮೇಜ್ ಮೇಲೆ ಮಾತ್ರ.

ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನಲ್ಲಿ ಫೈಲ್ ಅಳಿಸಿದರೆ, ಅದು ಡಿಸ್ಕಿನಲ್ಲಿ ಎಲ್ಲಿತ್ತು ಎಂಬ ಗುರುತನ್ನೂ ಒರೆಸಿಹಾಕುತ್ತದೆ. ಮನೆಗಳು ಹಾಗೇ ನಿಂತಿವೆ, ಪೋಸ್ಟ್‌ಮ್ಯಾನ್ ಕೈಯಲ್ಲಿ ವಿಳಾಸ ಇಲ್ಲ. ಬೇಗ ನಿಲ್ಲಿಸಿದ್ದರೆ ಜರ್ನಲ್‌ನಲ್ಲಿ (ಫೈಲ್ ಸಿಸ್ಟಮ್ ತನ್ನ ಬದಲಾವಣೆಗಳನ್ನು ಬರೆದಿಡುವ ದಾಖಲೆ) ಹಳೆಯ ವಿಳಾಸ ಅಲ್ಪಸ್ವಲ್ಪ ಉಳಿದಿರಬಹುದು. ಇಲ್ಲದಿದ್ದರೆ ಫೋಟೊರೆಕ್‌ನಂಥ ಉಚಿತ ಸಾಫ್ಟ್‌ವೇರ್‌ಗಳೇ ಗತಿ. ಅವು ಜೆಪೆಗ್ ಹೇಗೆ ಶುರುವಾಗುತ್ತದೆ ಅನ್ನುವ ಗುರುತು ಹಿಡಿದು ಡಿಸ್ಕ್ ಪೂರ್ತಿ ಜಾಲಾಡುತ್ತವೆ. ಫೋಟೊ ಸಿಗುತ್ತದೆ, ಹೆಸರು ಸಿಗುವುದಿಲ್ಲ, ಫೋಲ್ಡರ್ ಸಿಗುವುದಿಲ್ಲ. ಸಾವಿರಾರು ಫೈಲ್, ಎಲ್ಲಕ್ಕೂ ನಂಬರ್ ಹೆಸರು. ಫೋಟೊದ ಒಳಗಿರುವ ತಾರೀಕು ಹಿಡಿದು ಮತ್ತೆ ಜೋಡಿಸಬೇಕು. ದೊಡ್ಡ ವಿಡಿಯೊಗಳು ತುಂಡುತುಂಡಾಗಿ ಬರೆದಿದ್ದರೆ ಅರ್ಧ ಓಡಿ ನಿಲ್ಲುತ್ತವೆ. ಇಷ್ಟೆಲ್ಲ ಒದ್ದಾಡುವ ಮುಂಚೆ ಮದುವೆ ಸ್ಟುಡಿಯೊದವರಿಗೆ ಒಂದು ಫೋನ್ ಮಾಡಿ, ಕ್ಯಾಮೆರಾದ ಹಳೆಯ ಮೆಮೊರಿ ಕಾರ್ಡ್ ಹುಡುಕಿ. ಫಾರ್ಮ್ಯಾಟ್ ಮಾಡಿದ್ದರೂ ಆಮೇಲೆ ಬಳಸದ ಕಾರ್ಡಿನಿಂದ ಫೋಟೊ ತೆಗೆಯುವುದು ನ್ಯಾಸ್‌ಗಿಂತ ಎಷ್ಟೋ ಸುಲಭ.

ರೌಟರ್‌ಗೆ ಯುಎಸ್‌ಬಿ ಡಿಸ್ಕ್ ಸಿಕ್ಕಿಸಿ ಅದನ್ನೇ ನ್ಯಾಸ್ ಮಾಡಿಕೊಂಡವರ ಪಾಡು ಕೊಂಚ ವಾಸಿ. ಆ ಡಿಸ್ಕ್ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ಸಿಸ್ಟಮ್) ಆಗಿದ್ದರೆ ಹೆಸರಿನ ಸಮೇತ ವಾಪಸ್ ಬರುವ ಅವಕಾಶ ಚೆನ್ನಾಗಿದೆ.

ರಿಕವರಿ ಅಂಗಡಿಗೆ ಕೊಡುವುದಾದರೆ ಎರಡು ಪ್ರಶ್ನೆ ಕೇಳಿ. ಮೂಲ ಡಿಸ್ಕಿನ ಮೇಲೇ ಕೆಲಸ ಮಾಡ್ತೀರೋ, ಕ್ಲೋನ್ (ಯಥಾಪ್ರತಿ) ಮಾಡ್ಕೊಳ್ತೀರೋ? ಪೂರ್ತಿ ದುಡ್ಡು ಕೊಡುವ ಮುಂಚೆ ಸಿಕ್ಕ ಫೈಲುಗಳನ್ನು ತೆರೆದು ತೋರಿಸ್ತೀರಾ? ಮೊದಲನೆಯದಕ್ಕೆ ಉತ್ತರ ‘ಕ್ಲೋನ್’ ಅಲ್ಲದಿದ್ದರೆ ಎರಡನೆಯದನ್ನು ಕೇಳುವುದೂ ಬೇಡ, ಡಿಸ್ಕ್ ವಾಪಸ್ ತನ್ನಿ.