ತಕಿಟದಲ್ಲಿ ಅವಸರದ ‘ಟ’

ತಿಶ್ರ ನಡೆ ಎಂದರೇನು ಎಂದು ಮೃದಂಗದ ವಿದ್ಯಾರ್ಥಿಗಳನ್ನು ಕೇಳಿದರೆ, ‘ಒಂದು ಎಣಿಕೆಗೆ ಮೂರು ಅಕ್ಷರ’ ಎಂಬ ಉತ್ತರ ತಟ್ಟನೆ ಬರುತ್ತದೆ. ಉತ್ತರ ಸರಿ. ತಾಳ ಹಾಕಿಸಿ ಹೇಳಿಸಿದರೆ ಬಹುತೇಕರ ಬಾಯಲ್ಲಿ ಹೊರಡುವುದು ಮಾತ್ರ ‘ತಕಿಟ–, ತಕಿಟ–’. ಮೂರನ್ನೂ ಅವಸರದಲ್ಲಿ ಹೇಳಿ ಮುಗಿಸಿ, ಮುಂದಿನ ಎಣಿಕೆಗಾಗಿ ಉಸಿರು ಬಿಗಿಹಿಡಿದು ಕಾಯುತ್ತಾರೆ. ಇದು ತಿಶ್ರವಲ್ಲ. ‘ಮಿ’ ನುಂಗಿಹೋದ ತಕಧಿಮಿ, ಅಂದರೆ ಎಣಿಕೆಗೆ ನಾಲ್ಕು ಅಕ್ಷರದ ಚತುರಶ್ರವೇ.

ಈ ತಪ್ಪು ವರ್ಷಗಟ್ಟಲೆ ಕೈಯಲ್ಲಿ ಉಳಿದುಬಿಡುವುದಕ್ಕೆ ಕಾರಣವಿದೆ: ಇದರಿಂದ ತಾಳ ತಪ್ಪುವುದಿಲ್ಲ. ತಾಳದ ಸುತ್ತು ಮತ್ತೆ ಶುರುವಾಗುವ ಜಾಗವಾದ ಸಮ ಸರಿಯಾಗಿ ಬರುತ್ತದೆ, ಮೊಬೈಲಿನ ತಾಳದ ಆ್ಯಪ್ ತಕರಾರು ಮಾಡುವುದಿಲ್ಲ, ಮನೆಯವರು ತಲೆದೂಗುತ್ತಾರೆ. ‘ಸಮಕ್ಕೆ ಬಂದರಾಯಿತಲ್ಲ ಸರ್?’ ಎಂದು ಪೋಷಕರು ಕೇಳಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಎರಡು ಎಣಿಕೆಗಳ ನಡುವೆ ನಡೆಯುವುದಕ್ಕೇ ನಡೆ ಎನ್ನುವುದು.

ನಿಮಿಷಕ್ಕೆ 60 ಎಣಿಕೆಯ ಕಾಲಪ್ರಮಾಣವಿದ್ದರೆ ಒಂದು ಎಣಿಕೆಗೆ ಒಂದು ಸೆಕೆಂಡು. ಆ ಸೆಕೆಂಡನ್ನು 12 ಸಮಭಾಗ ಮಾಡಿಕೊಳ್ಳಿ. ತಕಧಿಮಿಯ ಅಕ್ಷರಗಳು 1, 4, 7, 10ನೇ ಭಾಗಗಳಲ್ಲಿ ಶುರುವಾಗುತ್ತವೆ. ತಕಿಟದವು 1, 5, 9ರಲ್ಲಿ. ಮೊದಲ ‘ತ’ ಒಂದನ್ನು ಬಿಟ್ಟರೆ ಇವೆರಡೂ ಎಲ್ಲಿಯೂ ಕೂಡುವುದಿಲ್ಲ. 7ನೆಯದು ಶುರುವಾಗುವ ಜಾಗವೆಂದರೆ ಸರಿಯಾಗಿ ಅರ್ಧ ಎಣಿಕೆ. ತಿಶ್ರದಲ್ಲಿ ಅಲ್ಲಿ ಯಾವ ಅಕ್ಷರವೂ ಇಲ್ಲ. ‘ಟ’ ಬರುವುದು ಅರ್ಧ ದಾಟಿದ ಮೇಲೆ. ಅವಸರದವರ ‘ಟ’ ಮಾತ್ರ 7ರಲ್ಲೇ ಬಂದು ಕುಳಿತಿರುತ್ತದೆ. ಪರೀಕ್ಷೆ ಸುಲಭ. ಬಲಗೈಯಲ್ಲಿ ತಾಳ ಹಾಕುತ್ತಾ, ಪ್ರತಿ ಎಣಿಕೆಯ ಅರ್ಧಕ್ಕೆ ಎಡಗೈ ಬೆರಳಿನಿಂದ ಎಡತೊಡೆಯ ಮೇಲೆ ತಟ್ಟಿ. ಆ ತಟ್ಟು ‘ಕಿ’ ಮತ್ತು ‘ಟ’ ನಡುವಿನ ಖಾಲಿ ಜಾಗದಲ್ಲಿ ಬೀಳಬೇಕು. ‘ಟ’ ಮೇಲೆಯೇ ಬಿದ್ದರೆ ನೀವಿನ್ನೂ ಚತುರಶ್ರದಲ್ಲೇ ಇದ್ದೀರಿ. ಕೀಬೋರ್ಡ್ ಕಲಿಯುವ ಮಕ್ಕಳಿಗೂ ಇದೇ ಮಾತು: ಅವರ ಹಾಳೆಯಲ್ಲಿ ಸ್ವರಗಳ ಮೇಲೆ 3 ಎಂದು ಬರೆದಿದ್ದರೆ, ಎರಡು ಸ್ವರದ ಕಾಲವನ್ನು ಮೂರು ಸ್ವರಗಳು ಸಮನಾಗಿ ಹಂಚಿಕೊಳ್ಳಬೇಕು.

ಮಂಡ್ಯದಿಂದ ಬೆಳಗಿನ ರೈಲಿಗೆ ಪಾಠಕ್ಕೆ ಬರುತ್ತಿದ್ದ ಹುಡುಗನೊಬ್ಬನಿದ್ದ. ಬಹಳ ಒಳ್ಳೆಯ ಕೈ. ಒಬ್ಬನೇ ನುಡಿಸಿದರೆ ತಪ್ಪೇ ಗೊತ್ತಾಗುತ್ತಿರಲಿಲ್ಲ. ಪಕ್ಕದಲ್ಲಿ ಘಟದವನನ್ನು ಕೂರಿಸಿದೆ. ಎರಡು ‘ಟ’ ಹಿಂದುಮುಂದಾಗಿ ಕೇಳಿದವು. ‘ಅವನೇ ತಡ ಮಾಡುತ್ತಿದ್ದಾನೆ ಸರ್’ ಎಂದ. ಮೃದಂಗ ಪಕ್ಕಕ್ಕಿಡಿಸಿ, ‘ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದೀಯಲ್ಲ, ಮೂರು ಲಘುವಿನ ಪದ ಒಂದು ಹೇಳು’ ಎಂದೆ. ‘ಬದನೆ’ ಎಂದ. ಸರಿ, ಎಣಿಕೆಗೊಂದು ಬದನೆ. ನಾಲ್ಕಾರು ಸಲ ಆಗುವಷ್ಟರಲ್ಲಿ ಅದು ‘ಬದನೇ, ಬದನೇ’ ಆಗಿತ್ತು. ಕೊನೆಯ ಲಘು ಗುರುವಾಯಿತು, ಮಾತ್ರೆ ನಾಲ್ಕಾಯಿತು. ಸ್ಲೇಟಿನ ಮೇಲೆ ಬರೆದು ತೋರಿಸಿದಾಗ ಮುಖ ಕೆಂಪೇರಿತು, ಆದರೆ ಆ ದಿನವೇ ತಿದ್ದಿಕೊಂಡ. ಭೋಗ ಷಟ್ಪದಿಯ ಮೂರು ಮಾತ್ರೆಯ ಗಣಗಳನ್ನು ಕೇಳಿ ಬೆಳೆದ ಕನ್ನಡದ ಕಿವಿಗೆ ಇದು ಪರಕೀಯವೇನಲ್ಲ.

ಚತುರಶ್ರದ ವೇಗದಲ್ಲೇ ತಕಿಟಗಳನ್ನು ಸಾಲಾಗಿ ಜೋಡಿಸುವುದು ಬೇರೆ ವಿಷಯ. ತಾಳದ ಲಘು ಎಂಬ ಅಂಗಕ್ಕೆ ಎಷ್ಟು ಎಣಿಕೆ ಎಂದು ಹೇಳುವ ಜಾತಿಯೂ ಬೇರೆ: ತಿಶ್ರ ಜಾತಿ ತ್ರಿಪುಟವೆಂದರೆ 3+2+2, ಏಳು ಎಣಿಕೆಯ ತಾಳ, ಅದರ ನಡೆ ಚತುರಶ್ರವೇ ಇರಬಹುದು. ಇನ್ನು ಕೆಲವು ಹಾಡುಗಳಲ್ಲಿ ಬೇಕೆಂದೇ ಮಾಡುವ ಓಲಾಟವಿರುತ್ತದೆ. ಅಂಥ ಕಡೆ ನಿಮ್ಮ ಗುರುಗಳ ಬಾನಿ ಹೇಗೋ ಹಾಗೆ.

ಗಣೇಶೋತ್ಸವದಲ್ಲಿ ಮೈಸೂರಿನ ವಾಣಿವಿಲಾಸ ಮೊಹಲ್ಲದ 8ನೇ ಕ್ರಾಸಿನ ಕಚೇರಿಗಳಿಗೆ ಹೋದರೆ, ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನವು ತಿಶ್ರಕ್ಕೆ ಹೊರಳಿದಾಗ ಕೈಯಲ್ಲಿ ತಾಳ ಹಾಕುತ್ತಾ ‘ಟ’ ಒಂದನ್ನೇ ಹಿಂಬಾಲಿಸಿ. ಗಾಯಕರೂ ಇದನ್ನು ಮಾಡಬೇಕು. ಎಂಟು ಎಣಿಕೆಯ ಆದಿತಾಳದಲ್ಲಿರುವ ವರ್ಣವೆಂಬ ರಚನೆಯನ್ನು ಎಣಿಕೆಗೆ ಆರು ಅಕ್ಷರದಂತೆ ತಿಶ್ರಕ್ಕೆ ತಂದಾಗ, 32 ಅಕ್ಷರಗಳ ಮೂರು ಆವರ್ತಗಳ (ತಾಳದ ಸುತ್ತುಗಳ) ಸಾಹಿತ್ಯ 48ರ ಎರಡು ಆವರ್ತಗಳಲ್ಲಿ ಕೂರುತ್ತದೆ. ಒಳಗಿನ ಹಂಚಿಕೆ ಸಮನಾಗಿರದಿದ್ದರೆ ಗಮಕವೆಲ್ಲ ಮುದುಡಿಹೋಗುತ್ತದೆ.

ಮನೆಯಲ್ಲಿ 60ರ ವೇಗ ಮೀರಬೇಡಿ. ಒಂದು ಆವರ್ತ ತಕಧಿಮಿ, ಒಂದು ಆವರ್ತ ತಕಿಟ, ಮತ್ತೆ ತಕಧಿಮಿ. ನಡೆ ಬದಲಾಗುವಾಗ ತಾಳದ ಕೈ ಓಡುತ್ತಿದೆಯೇ ಎಂಬುದನ್ನು ಮನೆಯವರಲ್ಲಿ ಒಬ್ಬರು ನೋಡುತ್ತಿರಲಿ.