ಕಡಲೊಳಗೆ ತಡೆ ಕಟ್ಟಿದರೆ ದಡದಲ್ಲಿ ಮರಳು ಯಾಕೆ ನಿಲ್ಲುತ್ತೆ?

ಪ್ರಶ್ನೆ: ಪುದುಚೇರಿಗೆ ಹೋಗಿದ್ದೆವು. ದಡದಾಚೆ ನೀರೊಳಗೆ ತಡೆ ಕಟ್ಟಿದ ಮೇಲೆ ಮರಳು ವಾಪಸ್ ಬಂತಂತೆ. ಅದು ಹೇಗೆ? (ಶ್ರೀನಿವಾಸಪುರದ ಓದುಗರೊಬ್ಬರು)

ಉತ್ತರ: ಕಣದಲ್ಲಿ ರಾಗಿ ತೂರುವುದನ್ನು ನೀವು ನೋಡಿರುತ್ತೀರಿ. ಗಾಳಿಗೆ ಹಾರಿದ ಹೊಟ್ಟು ಬಣವೆಯ ಮರೆಗೆ ಬಂದ ಕೂಡಲೇ ಗುಡ್ಡೆ ಬೀಳುತ್ತೆ. ಗಾಳಿಯ ಜೋರು ಅಲ್ಲಿ ತಗ್ಗುತ್ತೆ, ಅಷ್ಟೇ. ಕಡಲಲ್ಲಿ ಮರಳನ್ನು ಹೊರುವುದು ಅಲೆ. ಬ್ರೇಕ್‌ವಾಟರ್‌ಗೆ, ಅಂದರೆ ನೀವು ಹೇಳಿದಂಥ ತಡೆಗೆ, ಬಡಿದು ಅಲೆಯ ಕಸುವು ಇಳಿದರೆ, ಅದರ ಮರೆಯಲ್ಲಿ ಮರಳು ಕೂರುತ್ತೆ.

ಇನ್ನೊಂದು ವಿಷಯ ಇದೆ. ಗಾಳಿ ಬೀಸುವ ದಿನ ಕೆರೆಯಂಚಿನಲ್ಲಿ, ನೀರಿನಿಂದ ಮೇಲೆದ್ದ ಬಟ್ಟೆ ಒಗೆಯುವ ಚಪ್ಪಡಿಯನ್ನು ಗಮನಿಸಿ. ಸಣ್ಣ ಅಲೆಗಳು ಅದರ ಎರಡೂ ತುದಿ ಬಳಸಿ ಹಿಂದಕ್ಕೆ ಬಾಗುತ್ತವೆ. ಕಡಲಲ್ಲೂ ಹೀಗೆ ಬಾಗಿದ ಅಲೆಗಳು ಅಕ್ಕಪಕ್ಕದ ಮರಳನ್ನು ಮರೆಯೊಳಕ್ಕೆ ತಳ್ಳುತ್ತವೆ. ದಡ ಮೂಗಿನಂತೆ ಮುಂದೆ ಚಾಚುತ್ತೆ. ತಡೆ 200 ಮೀಟರ್ ಉದ್ದವಿದ್ದು ದಡಕ್ಕೆ ಬರೀ 100 ಮೀಟರ್ ದೂರದಲ್ಲಿದ್ದರೆ, ಆ ಮೂಗು ತಡೆಗೇ ಅಂಟಿಬಿಡಬಹುದು. ಇದಕ್ಕೆ ಟೊಂಬೊಲೊ ಅನ್ನುತ್ತಾರೆ. ತೀರಾ ದೂರ ಕಟ್ಟಿದರೆ ದಡಕ್ಕೆ ಗೊತ್ತೇ ಆಗಲ್ಲ.

ಆದರೆ ತಡೆ ಮರಳನ್ನು ಹುಟ್ಟಿಸುವುದಿಲ್ಲ. ಇದು ಕೋಲಾರದವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲಿನ ಕೆರೆಯ ಕೋಡಿ ಎತ್ತರಿಸಿದರೆ ಕೆಳಗಿನ ಕೆರೆ ಒಣಗುತ್ತೆ, ಅಲ್ವಾ? ಪೂರ್ವ ಕರಾವಳಿಯಲ್ಲಿ ವರ್ಷದ ಜಾಸ್ತಿ ತಿಂಗಳು ಮರಳು ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತೆ. ಪುದುಚೇರಿಯಲ್ಲಿ 1980ರ ದಶಕದ ಕೊನೆಗೆ ಬಂದರಿಗಾಗಿ ದಡದಿಂದಲೇ ಕಡಲೊಳಕ್ಕೆ ಕಲ್ಲಿನ ಗೋಡೆ ಚಾಚಿದರು. ದಕ್ಷಿಣಕ್ಕೆ ಮರಳು ತುಂಬಿತು, ಉತ್ತರದ ಊರಿನ ಮುಂದಿನ ಬೀಚ್ ಕೊಚ್ಚಿಹೋಯಿತು. ಚೆನ್ನೈ ಬಂದರಿನದೂ ಅದೇ ಕತೆ: ದಕ್ಷಿಣದ ಮರೀನಾ ಅಗಲವಾಯಿತು, ಉತ್ತರದ ರಾಯಪುರಂ ಕಡೆ ಕಡಲ್ಕೊರೆತ.

ನೀವು ಕೇಳಿದ ತಡೆ 2018ರಲ್ಲಿ ಪುದುಚೇರಿಯಲ್ಲಿ ಇಳಿಸಿದ್ದು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಕೆಲಸ. ಅದು ನೀರಿನಡಿ ಮುಳುಗಿರುತ್ತೆ, ಹಾಗಾಗಿ ಅಲೆ ಪೂರ್ತಿ ನಿಲ್ಲದೆ ಮೆತ್ತಗಾಗುತ್ತೆ. ಬೀಚ್ ಮರಳಿದ್ದು ನನಗೂ ಖುಷಿಯೇ. ಮುಂದಿನ ಸಲ ಹೋದಾಗ ಉತ್ತರಕ್ಕಿರುವ ಮೀನುಗಾರರ ಹಳ್ಳಿಗಳ ಕಡೆಗೂ ನಡೆದು ನೋಡಿ. ದೋಣಿ ಎಳೆದಿಡಲು, ಬಲೆ ಹರಡಲು ಅವರಿಗೆ ಎಷ್ಟು ಮರಳು ಉಳಿದಿದೆ ಅಂತ ಅಲ್ಲಿ ಕೇಳಿ.