ಡೆಕ್ ತೆಳುವಾಗಿದ್ದಕ್ಕೇ ಜಟ್ಲೆಂಡ್‌ನಲ್ಲಿ ಬ್ರಿಟಿಷ್ ಹಡಗುಗಳು ಸಿಡಿದವೇ?

ಪ್ರಶ್ನೆ: ಮೊದಲ ಮಹಾಯುದ್ಧದಲ್ಲಿ, 1916ರ ಜಟ್ಲೆಂಡ್ ನೌಕಾ ಕದನದಲ್ಲಿ ಬ್ರಿಟನ್ನಿನ ಮೂರು ಬ್ಯಾಟಲ್‌ಕ್ರೂಸರ್‌ಗಳು (ದೊಡ್ಡ ಫಿರಂಗಿಯ, ವೇಗದ ಯುದ್ಧನೌಕೆಗಳು) ಸಿಡಿದು ಮುಳುಗಿದವು. ಡೆಕ್ಕಿನ ಉಕ್ಕು ತೀರಾ ತೆಳುವಾಗಿತ್ತು, ಮೇಲಿನಿಂದ ಬಿದ್ದ ಜರ್ಮನ್ ಗುಂಡುಗಳು ಅದನ್ನು ತೂರಿ ಮದ್ದಿನ ಕೋಣೆಗೇ ಇಳಿದವು ಎಂದು ಎಲ್ಲ ಕಡೆ ಓದಿದ್ದೇನೆ. ಹಾಗಿದ್ದರೆ ಮೊದಲೇ ದಪ್ಪ ಡೆಕ್ ಯಾಕೆ ಹಾಕಲಿಲ್ಲ?

ಉತ್ತರ: ಈ ಪ್ರಶ್ನೆಗೆ ಚಿಕ್ಕದಾಗಿ ಉತ್ತರಿಸಿ ಉತ್ತರಿಸಿ ಸಾಕಾಗಿದೆ. ಮುಂದಿನ ತಿಂಗಳು ಅದೇ ಪ್ರಶ್ನೆ ಮತ್ತೆ ಬರುತ್ತದೆ. ಈ ಸಲ ಬಿಡಿಸಿ ಬರೆಯುತ್ತೇನೆ, ದಯವಿಟ್ಟು ಕೊನೆಯವರೆಗೆ ಓದಿ.

ಮೇ 31ರ ಮಧ್ಯಾಹ್ನ ನಾಲ್ಕು ದಾಟಿದ ಕೂಡಲೇ ಇಂಡಿಫ್ಯಾಟಿಗಬಲ್ ಹೋಯಿತು. 4.26ಕ್ಕೆ ಕ್ವೀನ್ ಮೇರಿ, ಸಂಜೆ ಆರೂವರೆ ಸುಮಾರಿಗೆ ಇನ್‌ವಿನ್ಸಿಬಲ್. ಮೂರರಲ್ಲೂ ಸೇರಿ ಸತ್ತವರು ಸುಮಾರು 3,300, ಬದುಕಿದವರು ಮೂವತ್ತರ ಒಳಗೆ. ಇನ್‌ವಿನ್ಸಿಬಲ್‌ನ ಪಕ್ಕೆಯ ಕವಚ 6 ಇಂಚು, ಕ್ವೀನ್ ಮೇರಿಯದು 9 ಇಂಚು. ಅವರ ಎದುರಿಗಿದ್ದ ಡೆರ್ಫ್ಲಿಂಗರ್‌ನದು 300 ಮಿಲಿಮೀಟರ್, ಅಂದರೆ 12 ಇಂಚಿನ ಹತ್ತಿರ. ಬ್ರಿಟಿಷರ ಕವಚ ತೆಳು ಎನ್ನುವ ಮಾತು ಅಷ್ಟರಮಟ್ಟಿಗೆ ನಿಜ. ಅಲ್ಲಿಂದ ನೇರ ಡೆಕ್ಕಿಗೆ ಜಿಗಿಯುವುದೇ ತಪ್ಪು.

ಗುಂಡು ಬೀಳುವ ಕೋನ ನೋಡಿ. ಆ ಕಾಲದ ಜರ್ಮನ್ ಫಿರಂಗಿಗಳು ಗುಂಡನ್ನು ಬಹಳ ವೇಗವಾಗಿ, ಬಹುತೇಕ ನೇರವಾಗಿ ಹೊಡೆಯುತ್ತಿದ್ದವು. ಹದಿಮೂರು ಹದಿನಾಲ್ಕು ಕಿಲೋಮೀಟರ್ ದೂರಕ್ಕೆ ಬಂದಾಗ ಗುಂಡು ಸಮುದ್ರಮಟ್ಟಕ್ಕೆ 10ರಿಂದ 15 ಡಿಗ್ರಿ ಓರೆಯಲ್ಲಿ ಇಳಿಯುತ್ತಿತ್ತು. ಸೌತೆಕಾಯಿಯನ್ನು ನೇರ ಕೊಯ್ದರೆ ಬಿಲ್ಲೆ ಚಿಕ್ಕದು, ಓರೆಯಾಗಿ ಕೊಯ್ದರೆ ಉದ್ದ. ಡೆಕ್ಕಿನಲ್ಲೂ ಅದೇ ಲೆಕ್ಕ: ಉಕ್ಕಿನ ದಪ್ಪವನ್ನು ಕೋನದ ಸೈನ್‌ನಿಂದ ಭಾಗಿಸಬೇಕು. 10 ಡಿಗ್ರಿಯಲ್ಲಿ ಬರುವ ಗುಂಡಿನ ದಾರಿಯಲ್ಲಿ 25 ಮಿಲಿಮೀಟರಿನ ಡೆಕ್ 144 ಮಿಲಿಮೀಟರ್ ಆಗುತ್ತದೆ, 15 ಡಿಗ್ರಿಯಲ್ಲಿ 97. ಅದಕ್ಕಿಂತ ಮುಖ್ಯವಾಗಿ, ಅಷ್ಟು ಓರೆಯಲ್ಲಿ ತಗುಲಿದ ಗುಂಡು ಕೆರೆಯ ನೀರಿಗೆ ಎಸೆದ ಚಪ್ಪಟೆ ಕಲ್ಲಿನಂತೆ ಜಾರುತ್ತದೆ, ಇಲ್ಲವೇ ಅಲ್ಲೇ ಸಿಡಿಯುತ್ತದೆ. ಇನ್ನು ಇನ್‌ವಿನ್ಸಿಬಲ್‌ಗೆ ಏಟು ಬಿದ್ದದ್ದು ಒಂಬತ್ತು ಕಿಲೋಮೀಟರ್ ಆಸುಪಾಸಿನಿಂದ. ಅಷ್ಟು ಹತ್ತಿರದಿಂದ ಬಂದ ಗುಂಡು ‘ಮೇಲಿನಿಂದ ಬಿತ್ತು’ ಎನ್ನಲು ಬರುವುದೇ ಇಲ್ಲ. ಆ ಹಡಗಿನಲ್ಲಿ ಬದುಕುಳಿದ ಆರು ಜನರಲ್ಲಿ ಒಬ್ಬರಾದ ಫಿರಂಗಿ ಅಧಿಕಾರಿ ಡ್ಯಾನ್‌ರಾಯ್ಟರ್ ಹೇಳಿದ್ದು ನಡುವಿನ ‘ಕ್ಯೂ’ ಟರೆಟ್‌ಗೆ, ಅಂದರೆ ಫಿರಂಗಿ ಗೋಪುರಕ್ಕೆ, ಬಿದ್ದ ಏಟಿನ ಬಗ್ಗೆ. ಡೆಕ್ಕಿನ ಬಗ್ಗೆ ಅಲ್ಲ.

ಹಾಗಾದರೆ ಬೆಂಕಿ ಕೆಳಗಿಳಿದದ್ದು ಹೇಗೆ? ಅದೇ ದಿನ ಸಿಡಿಯದೆ ಉಳಿದ ಬ್ರಿಟಿಷ್ ಬ್ಯಾಟಲ್‌ಕ್ರೂಸರ್ ಲಯನ್ ಇದಕ್ಕೆ ಉತ್ತರ ಕೊಡುತ್ತದೆ. ಟರೆಟ್ ಎಂದರೆ ಮೇಲೆ ಕಾಣುವ ಫಿರಂಗಿ ಗೋಪುರ ಮಾತ್ರ ಅಲ್ಲ. ಅದು ಹಡಗಿನ ತಳದವರೆಗೆ ಇಳಿಯುವ ಬಾವಿ. ತುದಿಯಲ್ಲಿ ಫಿರಂಗಿ ಮನೆ, ಅದರ ಕೆಳಗೆ ಕೆಲಸದ ಕೋಣೆ, ಅಲ್ಲಿಂದ ಸರಕು ಎತ್ತುವ ಕೊಳವೆ, ಬುಡದಲ್ಲಿ ಮದ್ದು ಕೈಬದಲಾಯಿಸುವ ಕೋಣೆ, ಅದರ ಪಕ್ಕದಲ್ಲಿ ಬಾಗಿಲು ದಾಟಿದರೆ ಮದ್ದಿನ ಕೋಣೆ. ಲಯನ್‌ನ ‘ಕ್ಯೂ’ ಟರೆಟ್‌ಗೆ ಜರ್ಮನರ 12 ಇಂಚಿನ ಗುಂಡೊಂದು ಎದುರಿನ 9 ಇಂಚಿನ ಫಲಕ ಮತ್ತು ಚಾವಣಿ ಕೂಡುವ ಜಾಗದಲ್ಲಿ ಹೊಕ್ಕು ಒಳಗೆ ಸಿಡಿಯಿತು. ಚಾವಣಿಯ ಮುಂಭಾಗ ಹಾರಿಹೋಯಿತು. ಮರಣಾಂತಿಕ ಗಾಯವಾಗಿದ್ದ ಮೇಜರ್ ಫ್ರಾನ್ಸಿಸ್ ಹಾರ್ವೆ ಬಾಗಿಲು ಮುಚ್ಚಿ ಮದ್ದಿನ ಕೋಣೆಗೆ ನೀರು ಬಿಡುವಂತೆ ಆಜ್ಞೆ ಮಾಡಿದರು. ಸುಮಾರು ಅರ್ಧ ಗಂಟೆ ಏನೂ ಆಗಲಿಲ್ಲ. ಆಮೇಲೆ ಮೇಲೆ ಉಳಿದಿದ್ದ ಮದ್ದಿನ ಚೀಲಗಳಿಗೆ ಬೆಂಕಿ ಹತ್ತಿ ಜ್ವಾಲೆ ಬಾವಿಯಲ್ಲಿ ನೇರ ಕೆಳಗಿಳಿಯಿತು. ಬುಡದಲ್ಲಿದ್ದವರು ಒಂದೇ ಕ್ಷಣಕ್ಕೆ ಸತ್ತರು. ಮದ್ದಿನ ಕೋಣೆಯ ಗೋಡೆಗಳು ಒಳಕ್ಕೆ ಬಾಗಿದವು. ಆದರೆ ಬಾಗಿಲು ಮುಚ್ಚಿತ್ತು, ಒಳಗೆ ನೀರಿತ್ತು. ಹಡಗು ಉಳಿಯಿತು. ಹಾರ್ವೆಗೆ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಬಂತು.

ಲಯನ್‌ನ ಮತ್ತು ಕ್ವೀನ್ ಮೇರಿಯ ಕವಚ ಹೆಚ್ಚುಕಡಿಮೆ ಒಂದೇ. ಒಂದು ಉಳಿಯಿತು, ಇನ್ನೊಂದು ಹೋಯಿತು. ವ್ಯತ್ಯಾಸ ಉಕ್ಕಿನಲ್ಲಿರಲಿಲ್ಲ. ಲಯನ್‌ಗೆ 1915ರಲ್ಲಿ ಬಂದ ಮುಖ್ಯ ಗನ್ನರ್ ಅಲೆಕ್ಸಾಂಡರ್ ಗ್ರಾಂಟ್ ಎಲ್ಲ ಬಾಗಿಲುಗಳನ್ನೂ ತೆರೆದಿಡುವ, ಮದ್ದಿನ ಚೀಲಗಳನ್ನು ಹೊರಗೆ ರಾಶಿ ಹಾಕುವ ಅಭ್ಯಾಸ ನಿಲ್ಲಿಸಿ, ಆಗಿಂದಾಗ ಬೇಕಾದಷ್ಟನ್ನೇ ಹೊರತೆಗೆಯುವ ಕ್ರಮ ತಂದಿದ್ದರು. ಉಳಿದ ಹಡಗುಗಳಲ್ಲಿ ವೇಗವಾಗಿ ಗುಂಡು ಹಾರಿಸುವ ಹುಚ್ಚು ಎಷ್ಟಿತ್ತೆಂದರೆ, ಕೆಳಗಿನಿಂದ ಸರಬರಾಜು ಒಂದು ಕ್ಷಣವೂ ತಡವಾಗಬಾರದೆಂದು ಬಾಗಿಲುಗಳು ತೆರೆದೇ ಇರುತ್ತಿದ್ದವು, ಚೀಲಗಳು ದಾರಿಯುದ್ದಕ್ಕೂ ಪೇರಿಸಿರುತ್ತಿದ್ದವು.

ಆ ಚೀಲದಲ್ಲಿ ಏನಿತ್ತು ಎಂಬುದೂ ಮುಖ್ಯ. ಅದು ಕಾರ್ಡೈಟ್: ಶಾವಿಗೆಯಂತೆ ಎಳೆ ಎಳೆಯಾಗಿ ಒತ್ತಿ ತೆಗೆದ ಮದ್ದು. (ಕೂನೂರಿನಿಂದ ಊಟಿಗೆ ಪುಟ್ಟ ರೈಲಿನಲ್ಲಿ ಹೋದವರು ಅರವಂಕಾಡು ನಿಲ್ದಾಣ ನೋಡಿರುತ್ತೀರಿ. ಅಲ್ಲಿ 1904ರಲ್ಲಿ ಶುರುವಾದ ಕಾರ್ಖಾನೆಯ ಹೆಸರಿನಲ್ಲೇ ಕಾರ್ಡೈಟ್ ಇದೆ.) ಅಂದಿನ ನೌಕಾಪಡೆಯ ಕಾರ್ಡೈಟ್‌ನಲ್ಲಿ ಗನ್‌ಕಾಟನ್ 65 ಪಾಲು, ನೈಟ್ರೋಗ್ಲಿಸರಿನ್ 30, ವ್ಯಾಸಲೀನ್ 5. ಹದಿಮೂರೂವರೆ ಇಂಚಿನ ಫಿರಂಗಿಯ ಒಂದು ಏಟಿಗೆ 130 ಕಿಲೋಗೂ ಹೆಚ್ಚು ಮದ್ದು ಬೇಕು, ಅದನ್ನು ನಾಲ್ಕು ರೇಷ್ಮೆ ಚೀಲಗಳಲ್ಲಿ ತುಂಬುತ್ತಿದ್ದರು. ಬೇಗ ಹತ್ತಿಕೊಳ್ಳಲೆಂದು ಚೀಲದ ತುದಿಗೆ ಕರಿಮದ್ದು. ಒಂದು ಕಿಡಿ ಸಾಕು. ಜರ್ಮನರು ಮುಖ್ಯ ಮದ್ದನ್ನು ಹಿತ್ತಾಳೆ ಕೊಳಗದೊಳಗೆ ಇಡುತ್ತಿದ್ದರು, ಮುಂದಿನ ಸಣ್ಣ ಭಾಗ ಮಾತ್ರ ರೇಷ್ಮೆ ಚೀಲದಲ್ಲಿ. ಅವರದಕ್ಕೂ ಬೆಂಕಿ ಹತ್ತುತ್ತಿತ್ತು, ಆದರೆ ಸಿಡಿಯುತ್ತಿರಲಿಲ್ಲ, ಉರಿಯುತ್ತಿತ್ತು.

1915ರ ಜನವರಿ 24ರಂದು ಉತ್ತರ ಸಮುದ್ರದ ಡಾಗರ್ ಬ್ಯಾಂಕ್ ಕದನದಲ್ಲಿ ಜರ್ಮನರ ಬ್ಯಾಟಲ್‌ಕ್ರೂಸರ್ ಸೈಡ್ಲಿಟ್ಸ್‌ಗೆ ಆದದ್ದೂ ಇದೇ ಏಟು. ಲಯನ್‌ನ ಗುಂಡು ಹಿಂಭಾಗದ ಬಾರ್ಬೆಟ್ (ಟರೆಟ್ಟಿನ ಬಾವಿಯ ಸುತ್ತಲಿನ ಕವಚ) ಒಡೆಯಿತು, ತಪ್ಪಿಸಿಕೊಳ್ಳಲು ಪಕ್ಕದ ಬಾಗಿಲು ತೆರೆದವರಿಂದ ಬೆಂಕಿ ಎರಡನೇ ಟರೆಟ್‌ಗೂ ನುಗ್ಗಿತು. 62 ಏಟುಗಳ ಮದ್ದು, ಸುಮಾರು 6 ಟನ್, ಉರಿದುಹೋಯಿತು. 150ಕ್ಕೂ ಹೆಚ್ಚು ಜನ ಸತ್ತರು. ಎರಡೂ ಟರೆಟ್ ನಾಶ. ಆದರೂ ಹಡಗು ತನ್ನ ಬಲದಿಂದಲೇ ಊರಿಗೆ ಮರಳಿತು. ಅಷ್ಟೇ ಮದ್ದು ಬ್ರಿಟಿಷ್ ಹಡಗಿನಲ್ಲಿ ಹಾಗೆ ಹತ್ತಿದ್ದರೆ ಏನಾಗುತ್ತಿತ್ತು ಎಂಬುದು ಜಟ್ಲೆಂಡ್‌ನಲ್ಲಿ ಗೊತ್ತಾಯಿತು.

ಇಷ್ಟರ ಮೇಲೂ ಡೆಕ್ಕೇ ಕಾರಣ ಎನ್ನುವವರು ವ್ಯಾನ್‌ಗಾರ್ಡ್‌ಗೆ ಉತ್ತರ ಹೇಳಬೇಕು. ಅದು 10 ಇಂಚಿನ ಪಕ್ಕೆಕವಚದ ಬ್ರಿಟಿಷ್ ಡ್ರೆಡ್‌ನಾಟ್, ಅಂದರೆ ಆ ಕಾಲದ ದೊಡ್ಡ ಯುದ್ಧನೌಕೆ. 1917ರ ಜುಲೈ 9ರ ರಾತ್ರಿ ಸ್ಕಾಟ್ಲೆಂಡಿನ ನೌಕಾನೆಲೆ ಸ್ಕ್ಯಾಪಾ ಫ್ಲೋದಲ್ಲಿ ಲಂಗರು ಹಾಕಿ ನಿಂತಿದ್ದಾಗ ಸಿಡಿದು 800ಕ್ಕೂ ಹೆಚ್ಚು ಜನ ಸತ್ತರು. ಶತ್ರುವಿನ ಗುಂಡು ಒಂದೂ ಇರಲಿಲ್ಲ. ಬ್ರಿಟನ್ನಿನದೇ ಇನ್ನೆರಡು ಯುದ್ಧನೌಕೆಗಳು, 1914ರಲ್ಲಿ ಬುಲ್‌ವಾರ್ಕ್, 1915ರಲ್ಲಿ ನೇಟಲ್, ಬಂದರಿನಲ್ಲಿದ್ದಾಗಲೇ ಒಳಗಿನಿಂದ ಸಿಡಿದವು.

ಈ ಕಥೆ ಇಷ್ಟು ಗಟ್ಟಿಯಾಗಿ ಕೂತದ್ದು ಏಕೆ ಎಂದರೆ ಅದು ನೌಕಾಪಡೆಯ ದಂಡನಾಯಕರಿಗೆ ಅನುಕೂಲಕರವಾಗಿತ್ತು. ಹಡಗು ವಿನ್ಯಾಸ ವಿಭಾಗದ ಮುಖ್ಯಸ್ಥ ಡೇನ್‌ಕೋರ್ಟ್ ಮದ್ದು ನಿರ್ವಹಣೆಯತ್ತ ಬೆರಳು ತೋರಿಸಿದರು. ಆದರೆ ಬ್ಯಾಟಲ್‌ಕ್ರೂಸರ್‌ಗಳ ದಂಡನಾಯಕ ಬೀಟಿ, ಇಡೀ ಬ್ರಿಟಿಷ್ ಪಡೆಯ ದಂಡನಾಯಕ ಜೆಲಿಕೋ ಇಬ್ಬರೂ ಕವಚದ ದೂರನ್ನೇ ಹಿಡಿದರು. ತಮ್ಮದೇ ಹುಡುಗರು ಬಾಗಿಲು ತೆರೆದಿಟ್ಟಿದ್ದರು ಎಂದು ಅಷ್ಟು ಸಾವಿನ ನಂತರ ಹೇಳುವುದು ಯಾರಿಗೂ ಸುಲಭವಲ್ಲ. ಉಳಿದ ಹಡಗುಗಳ ಮದ್ದಿನ ಕೋಣೆ, ಟರೆಟ್‌ಗಳ ಮೇಲೆ ಇಂಚಿನ ಉಕ್ಕು ಸೇರಿಸಿದ್ದು ನಿಜ. ಆದರೆ ಹಡಗುಗಳನ್ನು ಕಾಪಾಡಿದ್ದು ಜ್ವಾಲೆ ತಡೆಯುವ ಬಾಗಿಲುಗಳು ಮತ್ತು ಚೀಲ ರಾಶಿ ಹಾಕಬಾರದೆಂಬ ಕಟ್ಟಪ್ಪಣೆ.

ಇನ್ನು ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತು. ಡೆಕ್ ಮುಖ್ಯವಲ್ಲದಿದ್ದರೆ 1930ರ ದಶಕದಲ್ಲಿ ಹಳೆಯ ಹಡಗುಗಳಿಗೆ ದಪ್ಪ ಡೆಕ್ ಹಾಕಿದ್ದೇಕೆ? ಆಗ ದೂರ ಬದಲಾಗಿತ್ತು. 1934ರಿಂದ 1937ರವರೆಗೆ ಪೋರ್ಟ್ಸ್‌ಮತ್‌ನಲ್ಲಿ ಬ್ರಿಟನ್ನಿನ ಹಳೆಯ ಯುದ್ಧನೌಕೆ ವಾರ್‌ಸ್ಪೈಟ್ ಅನ್ನು ಬಿಚ್ಚಿ ಕಟ್ಟಿದಾಗ ಅದರ ಫಿರಂಗಿಗಳ ಏರುಕೋನವನ್ನು 20ರಿಂದ 30 ಡಿಗ್ರಿಗೆ ಹೆಚ್ಚಿಸಿದರು. ವ್ಯಾಪ್ತಿ 21 ಕಿಲೋಮೀಟರಿನಿಂದ 29ಕ್ಕೆ ಏರಿತು. ಅಷ್ಟು ದೂರದಿಂದ ಗುಂಡು 30 ಡಿಗ್ರಿಗೂ ಹೆಚ್ಚು ಕಡಿದಾಗಿ ಬೀಳುತ್ತದೆ. 30 ಡಿಗ್ರಿಯಲ್ಲಿ ಮೇಲಿನ ಸೈನ್ ಲೆಕ್ಕ ಹಾಕಿ: ಉಕ್ಕು ಎರಡು ಪಟ್ಟು ಮಾತ್ರ, 25 ಮಿಲಿಮೀಟರ್ ಬರೀ 50. ವಿಮಾನದ ಬಾಂಬಿಗಂತೂ ಓರೆಯ ಲಾಭ ಬಹುತೇಕ ಇಲ್ಲ. ಹಾಗಾಗಿ ಮದ್ದಿನ ಕೋಣೆಗಳ ಮೇಲಿನ ಡೆಕ್ಕನ್ನು 5 ಇಂಚಿಗೆ ಏರಿಸಿದರು. ತೂಕ ಸರಿದೂಗಿಸಲು 24 ಬಾಯ್ಲರ್ ತೆಗೆದು 6 ಹೊಸದನ್ನು ಕೂರಿಸಿದರು.

ಪಕ್ಕೆಯ ಕವಚವನ್ನು ಮಾತ್ರ ಯಾಕೆ ಮುಟ್ಟಲಿಲ್ಲ ಎಂದರೆ, 1922ರ ವಾಷಿಂಗ್ಟನ್ ಒಪ್ಪಂದ. ಹಳೆಯ ಹಡಗಿಗೆ ವಿಮಾನ ಮತ್ತು ಜಲಾಂತರ್ಗಾಮಿ ದಾಳಿ ತಡೆಯಲು 3,000 ಟನ್‌ವರೆಗೆ ಸೇರಿಸಬಹುದು, ಪಕ್ಕೆಕವಚ ಮತ್ತು ಮುಖ್ಯ ಫಿರಂಗಿಯ ಗಾತ್ರ ಬದಲಿಸುವಂತಿಲ್ಲ ಎಂಬ ಷರತ್ತು ಅದರಲ್ಲಿತ್ತು. ಫ್ರಾನ್ಸ್, ಇಟಲಿಗೆ ವಿನಾಯಿತಿ. ಆದ್ದರಿಂದಲೇ ಇಟಲಿ ತನ್ನ ಹಳೆಯ ಯುದ್ಧನೌಕೆ ಜೂಲಿಯೋ ಚೆಸಾರೆಯ 305 ಮಿಲಿಮೀಟರ್ ಫಿರಂಗಿಗಳನ್ನು 320ಕ್ಕೆ ಕೊರೆದು ಹಿಗ್ಗಿಸಿತು, ನಡುವಿನ ಟರೆಟ್ ಕಿತ್ತುಹಾಕಿತು. 1940ರ ಜುಲೈ 9ರಂದು ಇಟಲಿಯ ಕಲಾಬ್ರಿಯಾ ಬಳಿ ಈ ಎರಡು ಹಳೆಯ ಹಡಗುಗಳೇ ಎದುರಾದವು. ವಾರ್‌ಸ್ಪೈಟ್‌ನ 15 ಇಂಚಿನ ಗುಂಡು ಸುಮಾರು 24 ಕಿಲೋಮೀಟರ್ ದೂರದಿಂದ ಚೆಸಾರೆಯ ಹಿಂದಿನ ಹೊಗೆಕೊಳವೆಗೆ ಬಡಿದು ಸಿಡಿಯಿತು. ಹೊಗೆ ಬಾಯ್ಲರ್ ಕೋಣೆಗಳಿಗೆ ಎಳೆದುಕೊಂಡು ಅರ್ಧ ಬಾಯ್ಲರ್‌ಗಳನ್ನು ನಿಲ್ಲಿಸಬೇಕಾಯಿತು, ವೇಗ 18 ನಾಟ್‌ಗೆ ಇಳಿಯಿತು.